ಹುಬ್ಬಿನ ತುದಿ ನೋಡಿದವರಿಗೆ ನಮ್ಮ ವಂದನೆ

ಹುಬ್ಬು ತೆಳ್ಳಗಾದರೆ ಅದನ್ನು ಬರೀ ಅಂದದ ವಿಷಯ ಅಂತ ಬಿಡಬೇಡಿ ಎಂದು ನಾವು ಚರ್ಮವೈದ್ಯರು ಹೇಳಲು ಹೊರಟು ಇವತ್ತಿಗೆ ಒಂದು ವರ್ಷ. ಈ ಕೆಲಸಕ್ಕೆ ಕೈಜೋಡಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಮೊದಲ ವಂದನೆ ಥ್ರೆಡಿಂಗ್ ಮಾಡುವವರಿಗೆ. ಒಂದೇ ಹುಬ್ಬನ್ನು ಕೆಲವು ವಾರಗಳಿಗೊಮ್ಮೆ ಅಷ್ಟು ಹತ್ತಿರದಿಂದ ನೋಡುವವರು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಎರಡೂ ಹುಬ್ಬುಗಳಲ್ಲಿ ಕಿವಿಯ ಕಡೆಯ ಮೂರನೇ ಒಂದು ಭಾಗ ಬೋಳಾಗುತ್ತಾ ಬಂದಾಗ, ಪೆನ್ಸಿಲ್‌ನಲ್ಲಿ ತುಂಬಿ ಕಳಿಸದೆ "ಸುಸ್ತಾಗುತ್ತಾ? ಚಳಿ ತಡೆಯೋಕೆ ಆಗಲ್ವಾ? ಮುಟ್ಟು ಏರುಪೇರಾಗಿದೆಯಾ?" ಎಂದು ಕೇಳಿದಿರಿ. ಅವು ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ನಾವು ಕೇಳುವ ಪ್ರಶ್ನೆಗಳೇ. ಹುಬ್ಬಿನ ಈ ಚಿಹ್ನೆಗೆ ಬೆಲ್ಜಿಯಂನ ವೈದ್ಯ ಯೂಜೀನ್ ಹೆರ್ಟೋಗ್ ಅವರ ಹೆಸರಿದೆ. ಆದರೆ ಇದೊಂದನ್ನೇ ನಂಬಿ ಥೈರಾಯ್ಡ್ ಎಂದು ತೀರ್ಮಾನಿಸುವಂತಿಲ್ಲ. ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಇರುವವರು ಕಣ್ಣಿನ ಸುತ್ತ ಉಜ್ಜಿ ಉಜ್ಜಿಯೂ ಅದೇ ಜಾಗ ಸವೆಯುತ್ತದೆ. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್, ಥೈರಾಯ್ಡ್ ಕೊರತೆಯಲ್ಲಿ ಸಾಮಾನ್ಯವಾಗಿ ಏರುತ್ತದೆ) ಮತ್ತು ಫ್ರೀ ಟಿ4 (ಥೈರಾಯ್ಡ್ ಗ್ರಂಥಿಯದೇ ಹಾರ್ಮೋನ್, ಕೊರತೆಯಲ್ಲಿ ಇಳಿಯುತ್ತದೆ) ನೋಡಲೇಬೇಕು.

ಇಲ್ಲಿ ಲ್ಯಾಬ್ ಸಿಬ್ಬಂದಿಯನ್ನು ನೆನೆಯಲೇಬೇಕು. ಕೂದಲು ಉದುರುವವರಲ್ಲಿ ಅನೇಕರು ಮೊದಲು ನುಂಗುವುದೇ ಬಯೋಟಿನ್ ಎಂಬ ವಿಟಮಿನ್ ಮಾತ್ರೆ. ಕೆಲವು ಪರೀಕ್ಷಾ ವಿಧಾನಗಳಲ್ಲಿ ಅದು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ, ಟಿ4 ಅನ್ನು ಹೆಚ್ಚು ತೋರಿಸುತ್ತದೆ. ಹೀಗೆ ಥೈರಾಯ್ಡ್ ಹಾರ್ಮೋನಿನ ನಿಜವಾದ ಕೊರತೆ ರಿಪೋರ್ಟಿನಲ್ಲಿ ಮುಚ್ಚಿಹೋಗುತ್ತದೆ. ಸೂಜಿ ಚುಚ್ಚುವ ಮೊದಲೇ ಬಯೋಟಿನ್ ಬಗ್ಗೆ ವಿಚಾರಿಸಿ, ಕನಿಷ್ಠ 2 ದಿನ ನಿಲ್ಲಿಸಿ ಬನ್ನಿ ಎಂದು ವಾಪಸ್ ಕಳಿಸಿದ್ದೀರಿ. ಆ ಒಂದು ಮಾತು ಎಷ್ಟು ದಾರಿ ತಪ್ಪುವುದನ್ನು ತಡೆಯುತ್ತದೆ ಎಂಬುದು ನಮಗೆ ಗೊತ್ತು.

ಊರೂರು ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ನಮಸ್ಕಾರ. ಹುಬ್ಬು ಉದುರುವುದರ ಜೊತೆಗೆ ಕಿವಿಹಾಲೆ ದಪ್ಪಗಾಗಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ, ಕುಷ್ಠರೋಗವಿರಬಹುದೆಂದು ನೋಡಬೇಕು. ಈ ಬಗೆಯ ಕುಷ್ಠಕ್ಕೆ ಮೂರು ಔಷಧಿಗಳ ಚಿಕಿತ್ಸೆ 12 ತಿಂಗಳು. ಬೇಗ ಶುರುವಾದಷ್ಟೂ ನರಗಳು ಉಳಿಯುತ್ತವೆ.

ಇನ್ನು ಥೈರಾಯ್ಡ್ ಕೊರತೆಗೆ ಚಿಕಿತ್ಸೆಯಲ್ಲಿರುವವರು. ನಿಮ್ಮ ತಾಳ್ಮೆಗೆ ಏನು ಹೇಳೋಣ! ಕಡಿಮೆಯಾದ ಹಾರ್ಮೋನನ್ನು ತುಂಬುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ತಿಂಡಿಗೆ ಮೊದಲು 30ರಿಂದ 60 ನಿಮಿಷ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು, ಇಲ್ಲದಿದ್ದರೆ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. 6ರಿಂದ 8 ವಾರಕ್ಕೆ ಟಿಎಸ್‌ಎಚ್ ಸುಧಾರಿಸಿದರೂ ಹುಬ್ಬು ತುಂಬಲು ಹಲವು ತಿಂಗಳು ಹಿಡಿಯುತ್ತದೆ. ಡೋಸ್ ನೀವೇ ಏರಿಸಿಕೊಳ್ಳದೆ, ಒಂದೇ ಬೆಳಕಿನಲ್ಲಿ ತಿಂಗಳಿಗೊಂದು ಫೋಟೋ ತೆಗೆದು ತಂದಿರಿ. ಮೊದಲು ಕಾಣುವ ಆ ತೆಳು, ಬಣ್ಣವಿಲ್ಲದ ಕೂದಲು ಸಿಕ್ಕಿದ್ದು ಅಂಥ ಫೋಟೋಗಳಲ್ಲೇ.

ಕೊನೆಯದಾಗಿ ಹುಬ್ಬಿಗೆ ಟ್ಯಾಟೂ ಹಾಕುವ ಕಲಾವಿದರಿಗೆ. ಮುಟ್ಟು ನಿಂತ ಮಹಿಳೆಯರಲ್ಲಿ ಹುಬ್ಬಿನ ಜೊತೆ ಹಣೆಯ ಅಂಚೂ ಹಿಂದೆ ಸರಿಯುತ್ತಿದ್ದರೆ, ಕೂದಲಿನ ಬುಡವನ್ನೇ ಗಾಯದ ಕಲೆಯಾಗಿಸುವ ರೋಗವಿರಬಹುದು. ಹಾಗೆ ಮುಚ್ಚಿಹೋದ ರಂಧ್ರದಿಂದ ಕೂದಲು ಮತ್ತೆ ಬರುವುದಿಲ್ಲ. ಬುಡದ ಕೆಂಪು, ರಂಧ್ರವಿಲ್ಲದ ನುಣುಪು ಚರ್ಮ ಇವೆಲ್ಲ ಶಾಯಿಯಡಿ ಮರೆಯಾಗುತ್ತವೆ. "ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ, ಆಮೇಲೆ ನೋಡೋಣ" ಎಂದು ಬಂದ ಕೆಲಸವನ್ನು ಮುಂದೂಡಿದಿರಿ. ನಿಮಗೆ ನಾವು ಋಣಿಗಳು.