ಬೆಟ್ಟದ ರೈಲುಗಳ ಪ್ರವಾಸ ಕೈಪಿಡಿಯಲ್ಲಿ ನಮ್ಮ ಚಿತ್ರಗಳನ್ನು ತಪ್ಪಾಗಿ ಅಚ್ಚು ಹಾಕಿರುವ ಬಗ್ಗೆ ದೂರು

ಇವರಿಗೆ,
ಚಿತ್ರ ವಿಭಾಗದ ಸಂಪಾದಕರು,
ಪ್ರವಾಸ ಕೈಪಿಡಿಯ ಪ್ರಕಾಶನ ಸಂಸ್ಥೆ

ವಿಷಯ: ಹವ್ಯಾಸಿಗಳು ಕೊಟ್ಟ ರೈಲು ಚಿತ್ರಗಳಲ್ಲಿನ ತಪ್ಪುಗಳು, ಬಿಟ್ಟುಹೋದ ಹೆಸರುಗಳು ಮತ್ತು ಆಗಬೇಕಾದ ತಿದ್ದುಪಡಿ

ಮಾನ್ಯರೇ,

ನಿಮ್ಮ ಕೈಪಿಡಿಗೆ ನಾವು ಕೆಲವು ಹವ್ಯಾಸಿ ಛಾಯಾಗ್ರಾಹಕರು ಸೇರಿ 11 ಚಿತ್ರಗಳನ್ನು ಸಂಭಾವನೆ ಇಲ್ಲದೆ ಕೊಟ್ಟಿದ್ದೆವು. ಪುಸ್ತಕ ಕೈಸೇರಿದೆ. ನಾಲ್ಕು ಚಿತ್ರಗಳು ಕೆಟ್ಟಿವೆ, ಹನ್ನೊಂದರಲ್ಲಿ ಒಂದರ ಕೆಳಗೂ ತೆಗೆದವರ ಹೆಸರಿಲ್ಲ. ದುಡ್ಡು ಕೇಳಲು ಈ ಪತ್ರ ಬರೆಯುತ್ತಿಲ್ಲ. ರೈಲಿನ ಚಿತ್ರ ಪುಟದ ಅಲಂಕಾರಕ್ಕೆ ಇಡುವ ವಸ್ತುವಲ್ಲ, ಅದೊಂದು ದಾಖಲೆ. ಯಾವ ಎಂಜಿನ್, ಯಾವ ಹಳಿ, ಯಾವ ದಿಕ್ಕು ಎಂಬುದು ಸರಿಯಿದ್ದರೆ ಮಾತ್ರ ಅದನ್ನು ನೋಡಿ ಹೊರಡುವವನಿಗೆ ಉಪಯೋಗ.

ಮೊದಲು ಅಪಾಯದ ಸಂಗತಿ. ನೀಲಗಿರಿ ರೈಲಿನ ತಿರುವಿನ ಚಿತ್ರದ ಕೆಳಗೆ "ಹಳಿಯ ಪಕ್ಕದಲ್ಲೇ ನಿಂತರೆ ಇಂಥ ನೋಟ ಸಿಗುತ್ತದೆ" ಎಂದು ಅಚ್ಚಾಗಿದೆ. ನಾವು ಕಳಿಸಿದ ಅಡಿಬರಹದಲ್ಲಿ ಆ ಸಾಲು ಇರಲಿಲ್ಲ. ಚಿತ್ರ ತೆಗೆದದ್ದು ಸಾರ್ವಜನಿಕ ರಸ್ತೆಯಿಂದ, 200 ಮಿ.ಮೀ. ಟೆಲಿ ಲೆನ್ಸಿನಲ್ಲಿ. ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದಾಗ ಹಿಂದುಮುಂದಿನ ವಸ್ತುಗಳು ಒತ್ತಿಕೊಂಡಂತೆ ಕಾಣುತ್ತವೆ, ದೂರದ ರೈಲು ಎದುರಿಗೇ ಬಂದಂತಿರುತ್ತದೆ. ಅದನ್ನು ನೋಡಿ "ಹಳಿಯ ಪಕ್ಕ" ಎಂದು ಊಹಿಸಿ ಬರೆದಿದ್ದಾರೆ ಅನ್ನಿಸುತ್ತದೆ. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವಾಗ ಎಂಜಿನ್ ಹಿಂದಿನಿಂದ ತಳ್ಳುತ್ತದೆ. ಸದ್ದು ಇನ್ನೂ ದೂರದಲ್ಲಿದೆ ಎಂದುಕೊಳ್ಳುವಷ್ಟರಲ್ಲಿ ಮುಂದಿನ ಬೋಗಿ ತಿರುವು ದಾಟಿ ಬಂದಿರುತ್ತದೆ. ಬೋಗಿಯ ಮೈ ಹಳಿಗಿಂತ ಅಗಲ ಬೇರೆ. ಇದೆಲ್ಲ ಇರಲಿ, ಅಪ್ಪಣೆಯಿಲ್ಲದೆ ರೈಲ್ವೆ ಜಾಗಕ್ಕೆ ನುಗ್ಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಶಿಕ್ಷಾರ್ಹ. ಪ್ರವಾಸಿಯ ಕೈಗೆ ಈ ಸಲಹೆ ಕೊಡುವುದು ಬೇಡ. ಡಿಜಿಟಲ್ ಆವೃತ್ತಿಯಿಂದ ಆ ಸಾಲನ್ನು ಇಂದೇ ತೆಗೆಯಿರಿ, ಉಳಿದದ್ದಕ್ಕೆ ನಾಲ್ಕು ದಿನ ಹೆಚ್ಚು ಹಿಡಿದರೂ ನಡೆಯುತ್ತದೆ.

ಎರಡನೆಯದು ಅದಲುಬದಲು. ಡಾರ್ಜಿಲಿಂಗ್ ಪುಟದಲ್ಲಿ ಅಚ್ಚಾಗಿರುವುದು ಕೂಡ ನೀಲಗಿರಿಯ ರೈಲೇ. ಇದನ್ನು ಗುರುತಿಸಲು ತಜ್ಞರೇ ಬೇಕಿಲ್ಲ. ಎರಡು ಹಳಿಗಳ ನಡುವೆ ಹಲ್ಲುಳ್ಳ ಇನ್ನೊಂದು ಹಳಿ ಕಾಣುತ್ತಿದೆ. ಅದು ಕಡಿದಾದ ಏರಿನಲ್ಲಿ ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಳ್ಳುವ, ನೀಲಗಿರಿಯ ಆಬ್ಟ್ ಪದ್ಧತಿಯ ರ್‍ಯಾಕ್. ಡಾರ್ಜಿಲಿಂಗ್ ದಾರಿಯಲ್ಲಿ ರ್‍ಯಾಕ್ ಇಲ್ಲವೇ ಇಲ್ಲ. ಅಲ್ಲಿ ಏರನ್ನು ಸುತ್ತುಗಳಿಂದಲೂ, ಹಿಂದೆ ಮುಂದೆ ಸರಿದು ಹತ್ತುವ ಝಿಗ್‌ಝ್ಯಾಗ್‌ಗಳಿಂದಲೂ ನಿಭಾಯಿಸಿದ್ದಾರೆ. ಹಳಿಯ ಅಗಲವೂ ಬೇರೆ: ನೀಲಗಿರಿಯದು 1000 ಮಿ.ಮೀ., ಡಾರ್ಜಿಲಿಂಗಿನದು 610. ಎಂಜಿನ್ನನ್ನಾದರೂ ನೋಡಬಹುದಿತ್ತು. ನೀಲಗಿರಿಯ ಎಕ್ಸ್ ವರ್ಗದ್ದಕ್ಕೆ ಪಕ್ಕದಲ್ಲಿ ಒಂದರ ಮೇಲೊಂದು ಸಿಲಿಂಡರ್‌ಗಳಿವೆ, ಮೇಲಿನವು ರ್‍ಯಾಕ್‌ನ ಹಲ್ಲುಚಕ್ರ ತಿರುಗಿಸಲು. ಡಾರ್ಜಿಲಿಂಗಿನ ಬಿ ವರ್ಗದ್ದು ನಾಲ್ಕೇ ಗಾಲಿಯ ಪುಟ್ಟ ಎಂಜಿನ್.

ಇದು ಹೇಗಾಯಿತೆಂದು ನಮ್ಮ ಕಡೆಯ ಫೈಲುಗಳನ್ನು ತೆಗೆದು ನೋಡಿದೆವು. ನಮ್ಮಲ್ಲಿ ಇಬ್ಬರ ಕ್ಯಾಮೆರಾದಿಂದ ಬಂದ ಫೈಲುಗಳಿಗೆ ಒಂದೇ ಹೆಸರಿತ್ತು: ಡಿಎಸ್‌ಸಿ 0412. ಕ್ಯಾಮೆರಾದ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬರುವುದರಿಂದ ಹೀಗಾಗುವುದು ಸಾಮಾನ್ಯ. ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿದಾಗ ಎರಡನೆಯದು ಮೊದಲನೆಯದನ್ನು ನುಂಗಿದೆ. ಹೆಸರು ಬದಲಿಸದೆ ಕಳಿಸಿದ್ದು ನಮ್ಮ ತಪ್ಪು, ಒಪ್ಪುತ್ತೇವೆ. ಆದರೆ 11 ಚಿತ್ರ ಬಂದ ಕಡೆ 10 ಫೈಲು ಉಳಿದಾಗ ಎಣಿಸಬೇಕಾದವರು ನೀವು. ಎಣಿಸುವ ಬದಲು ಒಂದೇ ಚಿತ್ರವನ್ನು ಎರಡು ಕಡೆ, ಬೇರೆ ಬೇರೆಯಾಗಿ ಕತ್ತರಿಸಿ ಹಾಕಿದ್ದೀರಿ. ಸರಿಯಾದ ಫೈಲನ್ನು ಸ್ಥಳ, ದಿನಾಂಕ, ತೆಗೆದವರ ಹೆಸರು, ಕ್ರಮಸಂಖ್ಯೆ ಸೇರಿಸಿ ಮರುಹೆಸರಿಸಿ ಈ ಪತ್ರದೊಂದಿಗೆ ಕಳಿಸಿದ್ದೇವೆ.

ಕಾಲ್ಕಾ–ಶಿಮ್ಲಾ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದ್ದೀರಿ. ರೈಲು ಪುಟದಿಂದ ಹೊರಗೆ ಓಡುವಂತೆ ಕಾಣಬಾರದು, ಒಳಮುಖವಾಗಿರಬೇಕು ಎಂಬ ವಿನ್ಯಾಸಕಾರರ ರೂಢಿ ನಮಗೂ ಗೊತ್ತು. ಹಾಗಿದ್ದರೆ ಚಿತ್ರವನ್ನು ಎದುರು ಪುಟಕ್ಕೆ ಸಾಗಿಸಬೇಕಿತ್ತು. ತಿರುಗಿಸಿದ ಮೇಲೆ ಎಂಜಿನ್ನಿನ ನಂಬರ್ ಉಲ್ಟಾ ಕಂಡಿದೆ, ಅದನ್ನು ಮರೆಮಾಡಲು ಅಕ್ಕಪಕ್ಕದ ಬಣ್ಣ ಬಳಿದು ನಂಬರನ್ನೇ ಅಳಿಸಿದ್ದೀರಿ! ರೈಲು ಚಿತ್ರದಲ್ಲಿ ನಂಬರ್ ಅಳಿಸುವುದೆಂದರೆ ಶಾಸನದ ಕಲ್ಲಿನಲ್ಲಿ ಹೆಸರು ಕೆತ್ತಿ ಅಳಿಸಿದ ಹಾಗೆ. ಪ್ರವಾಸಿಗಾಗುವ ನಷ್ಟ ಇದಕ್ಕಿಂತ ನೇರವಾದದ್ದು. ಕಣಿವೆ ಎಡಕ್ಕಿದ್ದ ದಾರಿಯಲ್ಲಿ ಈಗ ಬಲಕ್ಕಿದೆ. ಯಾವ ಕಡೆಯ ಕಿಟಕಿ ಹಿಡಿಯಬೇಕೆಂದು ಈ ಪುಟ ನೋಡಿ ನಿರ್ಧರಿಸಿದವರು ಬಂಡೆ ನೋಡುತ್ತಾ ಕೂರಬೇಕು. ಅದೇ ಪುಟದಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ವರ್ಷವೂ ತಪ್ಪು. 1999 ಡಾರ್ಜಿಲಿಂಗಿನದು, ನೀಲಗಿರಿ ಸೇರಿದ್ದು 2005ರಲ್ಲಿ, ಕಾಲ್ಕಾ–ಶಿಮ್ಲಾ 2008ರಲ್ಲಿ.

ನಡುಪುಟದ ದೊಡ್ಡ ಚಿತ್ರ ಮಸುಕಾಗಿದೆ. ನಾವು ಆಯ್ಕೆಗೆಂದು 1200×800 ಪಿಕ್ಸೆಲ್‌ನ ಸಣ್ಣ ಪ್ರತಿಯನ್ನೂ, ಅಚ್ಚಿಗೆಂದು 6000×4000ದ ಮೂಲವನ್ನೂ ಕಳಿಸಿದ್ದೆವು. ಅಚ್ಚಾಗಿರುವುದು ಸಣ್ಣದು. ಲೆಕ್ಕ ಸುಲಭ: ಎ5 ಅಳತೆಯ ಎರಡು ಪುಟ ಸೇರಿದರೆ 296×210 ಮಿ.ಮೀ., ಸುತ್ತಲೂ 3 ಮಿ.ಮೀ. ಕತ್ತರಿಕೆಯ ಅಂಚು ಸೇರಿಸಿದರೆ 302×216. ಎತ್ತರ ಎಂಟೂವರೆ ಇಂಚು, ಅದಕ್ಕೆ 800 ಪಿಕ್ಸೆಲ್ ಎಂದರೆ ಇಂಚಿಗೆ 94. ಪುಸ್ತಕದ ಅಚ್ಚಿಗೆ 300 ಇರಲೆಂಬುದು ವಾಡಿಕೆ. ಮೂಲ ಫೈಲಿನಲ್ಲಿ 470 ಸಿಗುತ್ತಿತ್ತು. ಸಣ್ಣದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದರೆ ಪಿಕ್ಸೆಲ್ ಸಂಖ್ಯೆ ಏರುತ್ತದೆಯೇ ಹೊರತು ಕ್ಯಾಮೆರಾ ಹಿಡಿದಿದ್ದ ವಿವರ ಮರಳುವುದಿಲ್ಲ. ಸಾಲದ್ದಕ್ಕೆ ಎಂಜಿನ್ನಿನ ಮುಖ ಸರಿಯಾಗಿ ನಡುಮಡಿಕೆಗೆ ಬಿದ್ದಿದೆ. ಅಂಟು ಬೈಂಡಿಂಗಿನ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಮುಖದ ನಡುಭಾಗ ಕಾಣೆಯಾಗಿದೆ. ಚೌಕಟ್ಟನ್ನು ಒಂದು ಬದಿಗೆ ಸರಿಸಿದ್ದರೆ ಸಾಕಿತ್ತು.

ಕಪ್ಪು ಎಂಜಿನ್‌ಗಳೆಲ್ಲ ಡಾಂಬರು ಮುದ್ದೆಯಂತೆ ಬಂದಿವೆ. ಪರದೆಯ ಬಣ್ಣವನ್ನು ನಾಲ್ಕು ಶಾಯಿಗಳಿಗೆ ಬದಲಿಸುವಾಗ ಕಾಗದ ಯಾವುದೆಂದು ನೋಡಿಲ್ಲ. ಲೇಪವಿಲ್ಲದ ಕಾಗದ ಶಾಯಿ ಹೀರಿಕೊಂಡು ಚುಕ್ಕೆ ಹರಡುತ್ತದೆ, ನೆರಳಿನಲ್ಲಿದ್ದ ಕೊಳವೆ, ರಿವೆಟ್, ಗಾಲಿ ಎಲ್ಲ ಒಂದಾಗುತ್ತವೆ. ಆ ಕಾಗದದ ಐಸಿಸಿ ಪ್ರೊಫೈಲ್ (ಅದರಲ್ಲಿ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಫೈಲು) ಹಾಕಿ ಪರದೆಯಲ್ಲೇ ಪ್ರೂಫ್ ನೋಡಿ, ನೆರಳನ್ನು ಸ್ವಲ್ಪ ಎತ್ತಿ ಕಳಿಸಿದರೆ ಸರಿಹೋಗುತ್ತದೆ. ಸಿಗ್ನಲಿನ ಕೆಂಪು ಸ್ವಲ್ಪ ಮಂಕಾಗುವುದು ಮಾತ್ರ ಅನಿವಾರ್ಯ, ಅದಕ್ಕೆ ನಾವು ದೂರುವುದಿಲ್ಲ.

ಇನ್ನು ಹೆಸರು. ಕೊನೆಯ ಪುಟದಲ್ಲಿ "ಚಿತ್ರಕೃಪೆ: ಅಂತರ್ಜಾಲ" ಎಂದಿದೆ. ಅಂತರ್ಜಾಲ ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ಪ್ರತಿ ಫೈಲಿನೊಳಗೆ ಚಿತ್ರದ ವಿವರ ಬರೆದಿಡುವ ಐಪಿಟಿಸಿ ಮಾಹಿತಿಯಲ್ಲಿ ಕರ್ತೃ, ಕೃಪೆ, ಹಕ್ಕುಸ್ವಾಮ್ಯದ ಅಂಕಣಗಳನ್ನು ತುಂಬಿ ಕಳಿಸಿದ್ದೆವು. ವೆಬ್‌ಗಾಗಿ ಮರುಉಳಿಸಿದಾಗ ಈ ಮಾಹಿತಿ ಹಲವು ಬಾರಿ ಉದುರಿಹೋಗುತ್ತದೆ. ಅದಕ್ಕೆಂದೇ ಬೇರೆ ಪಟ್ಟಿಯನ್ನೂ ಲಗತ್ತಿಸಿದ್ದೆವು. ಕೃತಿಯ ಮೇಲೆ ಕರ್ತೃವಿನ ಹೆಸರು, ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕು — ಎರಡೂ ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದಲ್ಲಿ 1928ರಿಂದ ಇವೆ. ಚಿತ್ರವನ್ನು ಪುಕ್ಕಟೆ ಕೊಟ್ಟದ್ದರಿಂದ ಅವು ಹೋಗುವುದಿಲ್ಲ. ನಾವು ಒಪ್ಪಿಗೆ ಕೊಟ್ಟದ್ದು ಈ ಒಂದು ಆವೃತ್ತಿಯ ಮುದ್ರಣಕ್ಕೂ ಅದರ ಡಿಜಿಟಲ್ ಪ್ರತಿಗೂ ಮಾತ್ರ. ಜಾಹೀರಾತಿಗೂ ಕ್ಯಾಲೆಂಡರಿಗೂ ಅಲ್ಲ. ನಿಮ್ಮ ಪ್ರಚಾರ ಪತ್ರದಲ್ಲಿ ಒಂದು ಚಿತ್ರ ಆಗಲೇ ಕಾಣಿಸಿಕೊಂಡಿದೆ, ಅದನ್ನು ನಿಲ್ಲಿಸಿ.

ಆಗಬೇಕಾದದ್ದು ಇಷ್ಟು. ಡಿಜಿಟಲ್ ಪ್ರತಿಯಲ್ಲಿ ನಾಲ್ಕು ಚಿತ್ರಗಳನ್ನೂ ಅಡಿಬರಹಗಳನ್ನೂ ಏಳು ದಿನದೊಳಗೆ ಬದಲಿಸಬೇಕು. ಇನ್ನೂ ಮಾರಾಟವಾಗದ ಪ್ರತಿಗಳಿಗೆ ತಪ್ಪೊಪ್ಪೋಲೆ (ತಪ್ಪು, ಸರಿ ತೋರಿಸುವ ಚೀಟಿ) ಸೇರಿಸಬೇಕು, ಹಳಿಯ ಪಕ್ಕ ನಿಲ್ಲುವ ಸಲಹೆ ತಪ್ಪು ಎಂಬುದು ಅದರ ಮೊದಲ ಸಾಲಾಗಿರಬೇಕು. ಮರುಮುದ್ರಣದಲ್ಲಿ ಹೆಸರು ಚಿತ್ರದ ಪಕ್ಕದಲ್ಲೇ ಇರಲಿ. ಜಾಗವಿಲ್ಲದಿದ್ದರೆ ಕೊನೆಯಲ್ಲಿ ಪುಟಸಂಖ್ಯೆಯೊಂದಿಗೆ. ಅಚ್ಚಿಗೆ ಹೋಗುವ ಮೊದಲು ಚಿತ್ರವಿರುವ ಪುಟಗಳ ಪಿಡಿಎಫ್ ನಮಗೆ ಕಳಿಸಿ, ಐದು ದಿನದಲ್ಲಿ ನೋಡಿ ಹಿಂದಿರುಗಿಸುತ್ತೇವೆ. ಇದಕ್ಕೆ ಒಪ್ಪದಿದ್ದರೆ ಮರುಮುದ್ರಣದಲ್ಲಿ ನಮ್ಮ ಹನ್ನೊಂದೂ ಚಿತ್ರಗಳನ್ನು ಬಳಸಬಾರದು.

ಲಗತ್ತು: ತಪ್ಪಾದ ಪುಟಗಳ ಪ್ರತಿ, ಮರುಹೆಸರಿಸಿದ ಮೂಲ ಫೈಲುಗಳು, ಮೊದಲು ಕಳಿಸಿದ್ದ ಅಡಿಬರಹಗಳ ಪಟ್ಟಿ, ಒಪ್ಪಿಗೆ ಪತ್ರದ ನಕಲು.

ಇತಿ,
ಚಿತ್ರಗಳನ್ನು ಕೊಟ್ಟ ಹವ್ಯಾಸಿ ರೈಲು ಛಾಯಾಗ್ರಾಹಕರು