ಯುಲಿಸಿಸ್ ಊರಿಗೆ ಮರಳಿದಾಗ

ಮಾನ್ಯ ಸಂಪಾದಕರೇ,

ಗ್ರೀಕ್ ಪುರಾಣವನ್ನು ತೆರೆಗೆ ತರುವವರ ಮೇಲೆ ಧರ್ಮದ ಹೆಸರಿನಲ್ಲಿ ಹರಿಹಾಯುವವರ ಮಾತು ಬಂದಾಗ, ಗ್ರೀಸಿನ ಚಲನಚಿತ್ರ ನಿರ್ದೇಶಕ ಥಿಯೋ ಆಂಜೆಲೊಪೌಲೊಸ್ ಅವರಿಗಾದ ಅನುಭವವನ್ನು ನೆನೆಯಲೇಬೇಕು. ನಿರಾಶ್ರಿತರ ಬವಣೆಯನ್ನು ಕುರಿತು, 1991ರಲ್ಲಿ ತೆರೆಕಂಡ ಅವರ ಚಿತ್ರವೊಂದರ ಚಿತ್ರೀಕರಣ ಉತ್ತರ ಗ್ರೀಸಿನ ಫ್ಲೋರಿನಾ ಪಟ್ಟಣದಲ್ಲಿ ನಡೆದಾಗ, ಅಲ್ಲಿನ ಬಿಷಪ್ ಆಗಸ್ಟಿನೋಸ್ ಕಾಂತಿಯೋಟಿಸ್ ವಿರೋಧದ ಮುಂದಾಳತ್ವ ವಹಿಸಿ, ನಿರ್ದೇಶಕರಿಗೆ ಧಾರ್ಮಿಕ ಬಹಿಷ್ಕಾರ ಹಾಕಿದರು. ಚಿತ್ರ ಇನ್ನೂ ಪೂರ್ಣಗೊಂಡಿರಲಿಲ್ಲ; ಯಾರೂ ನೋಡದ ಕೃತಿಯ ಮೇಲೆ ತೀರ್ಪು ಬಂದಿತ್ತು.

ಆ ಗಾಯವನ್ನು ಅವರು ಪ್ರಾಚೀನ ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಮಹಾಕಾವ್ಯದ ನೆರಳಿನಲ್ಲಿ ರೂಪಿಸಿದ ‘ಯುಲಿಸಿಸ್‌ನ ನೋಟ’ (1995) ಚಿತ್ರದೊಳಕ್ಕೇ ತಂದರು. ಹಾರ್ವೆ ಕೈಟೆಲ್ ಅಭಿನಯಿಸಿದ ನಿರ್ದೇಶಕನ ಪಾತ್ರ ಬಹುಕಾಲದ ಮೇಲೆ ತಾಯ್ನಾಡಿಗೆ ಮರಳಿದಾಗ ಅವನ ಸಿನಿಮಾಕ್ಕೆ ಚಿತ್ರಮಂದಿರದ ಬಾಗಿಲು ಮುಚ್ಚಿದೆ. ಒಂದು ಕಡೆ ಮೇಣದಬತ್ತಿ ಹಿಡಿದ ಭಕ್ತರು, ಇನ್ನೊಂದು ಕಡೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಜನ, ನಡುವೆ ಪೊಲೀಸರು. ತನ್ನ ತವರು ದ್ವೀಪ ಇಥಾಕಾಗೆ ಮರಳಿದ ಒಡಿಸಿಯಸ್ (ಯುಲಿಸಿಸ್ ಎಂಬುದು ಅವನದೇ ಇನ್ನೊಂದು ಹೆಸರು) ತನ್ನ ಮನೆಯಲ್ಲೇ ಹಗೆಗಳನ್ನು ಕಂಡ ಕಥೆಗೆ ಇದಕ್ಕಿಂತ ನಿಷ್ಠವಾದ ರೂಪಾಂತರವನ್ನು ನಾನು ಕಂಡಿಲ್ಲ. ಫ್ರಾನ್ಸಿನ ಕಾನ್ ಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ಗೌರವವೂ ಅದಕ್ಕೆ ಸಂದಿತು.

ಭಕ್ತರಿಗೆ ಸಿನಿಮಾ ಒಪ್ಪಿಗೆಯಾಗದಿರಬಹುದು, ಹಾಗೆಂದು ಬರೆಯಲು, ನೋಡದೆ ದೂರವಿರಲು ಅವರು ಸ್ವತಂತ್ರರು. ಆದರೆ ಕ್ಯಾಮೆರಾ ಹಿಡಿದವನನ್ನು ಊರಿನ ಶತ್ರುವೆಂದು ಸಾರಿ ಜನರನ್ನು ಬೀದಿಗಿಳಿಸುವುದನ್ನು ಭಕ್ತಿಯೆಂದು ಒಪ್ಪಲು ನನ್ನಿಂದಾಗದು.

ಇಂತಿ,
ಓರ್ವ ಓದುಗ, ಶಿವಮೊಗ್ಗ