ತೊಟ್ಟಿಲು ಇನ್ನು ತಿರುಗುವುದಿಲ್ಲ: ಗ್ರಾಹಕರಿಗೊಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಕಳೆದ ಸೋಮವಾರದಿಂದ ನಮ್ಮ ಪಾರ್ಕಿನ ತೊಟ್ಟಿಲು ನಿಂತಿದೆ. ಗೇಟಿನಲ್ಲಿ ‘ರಿಪೇರಿ ನಡೆಯುತ್ತಿದೆ’ ಅಂತ ಬೋರ್ಡು ಹಾಕಿದ್ದೆವು. ಆ ಬೋರ್ಡು ಸರಿಯಲ್ಲ, ತೆಗೆದಿದ್ದೇವೆ. ರಿಪೇರಿ ನಡೆಯುತ್ತಿಲ್ಲ. ತೊಟ್ಟಿಲು ಇನ್ನು ತಿರುಗುವುದಿಲ್ಲ. ಮಳೆ ಹಿಡಿಯುವುದರೊಳಗೆ ಬಿಚ್ಚಿ ಇಳಿಸುತ್ತೇವೆ.

ಬೆಂಗಳೂರಿನಿಂದ ಬರುವವರು ಅದನ್ನು ಜಯಂಟ್ ವೀಲ್ ಅಂತಾರೆ. ಸಾಗರ, ಶಿರಸಿ ಕಡೆಯ ನಮಗೆ ಮಾರಿಜಾತ್ರೆಯಲ್ಲಿ ಕಂಡ ದಿನದಿಂದಲೂ ಅದು ತೊಟ್ಟಿಲೇ. ನಮ್ಮದೂ ಜಾತ್ರೆಯಿಂದಲೇ ಬಂದದ್ದು. 26 ವರ್ಷದ ಹಿಂದೆ, ಊರೂರು ಸುತ್ತುವ ಜಾತ್ರೆ ಮಂದಿಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಎರಡು ಲಾರಿಯಲ್ಲಿ ತಂದಿದ್ದೆವು. ಅದರಲ್ಲಿ ಕೂರುವುದಕ್ಕೆ ಹನ್ನೆರಡು ತೊಟ್ಟಿಲು, ಒಂದೊಂದರಲ್ಲಿ ನಾಲ್ಕು ಜನ. ಈಗಿನವರ ಕಣ್ಣಿಗೆ ಸಣ್ಣದು. ಆದರೆ ಡಿಸೆಂಬರಿನಲ್ಲಿ ಮಂಜು ಸರಿದ ಮೇಲೆ ತುದಿಗೆ ಹೋದರೆ, ಕಾಡಿನಾಚೆ ಶರಾವತಿ ಹಿನ್ನೀರು ಒಂದು ಬಿಳಿ ಗೆರೆಯಾಗಿ ಕಾಣುತ್ತಿತ್ತು. ಅದು ಕಾಣುವುದು ಎರಡೇ ಉಸಿರಿನಷ್ಟು ಹೊತ್ತು. ಅದಕ್ಕೋಸ್ಕರ ಇಳಿದು ಮತ್ತೆ ಟಿಕೆಟ್ ತೆಗೆದುಕೊಂಡವರು ಎಷ್ಟು ಜನ ಅನ್ನುವುದು ಕೌಂಟರಿನಲ್ಲಿ ಕೂತ ನನಗೆ ಗೊತ್ತು.

ಈಗ ಆದದ್ದು ಹೇಳುತ್ತೇನೆ. ವರ್ಷಕ್ಕೊಮ್ಮೆ ಇಂಜಿನಿಯರ್ ಬಂದು ವೆಲ್ಡಿಂಗ್ ಜೋಡಣೆಗಳನ್ನು ಪರೀಕ್ಷೆ ಮಾಡುತ್ತಾರೆ. ಬಣ್ಣ ಕೆರೆದು, ಕಬ್ಬಿಣ ಒರೆಸಿ, ಕೆಂಪು ದ್ರವವೊಂದನ್ನು ಸಿಂಪಡಿಸುತ್ತಾರೆ. ಹತ್ತು ನಿಮಿಷ ಬಿಟ್ಟು ಅದನ್ನು ಪೂರ್ತಿ ಒರೆಸಿ ತೆಗೆದು ಮೇಲೆ ಬಿಳಿ ಪುಡಿ ಹೊಡೆಯುತ್ತಾರೆ. ಜೋಡಣೆ ಗಟ್ಟಿ ಇದ್ದರೆ ಬಿಳಿ ಬಿಳಿಯಾಗಿಯೇ ಇರುತ್ತದೆ. ಬಿರುಕಿದ್ದರೆ ಅದರೊಳಗೆ ಇಳಿದು ಕೂತಿದ್ದ ಕೆಂಪು ನಿಧಾನಕ್ಕೆ ಹೊರಗೆ ಒಸರುತ್ತದೆ. ಹೋದ ವರ್ಷದವರೆಗೂ ಬಿಳಿಯಾಗಿಯೇ ಇತ್ತು. ಈ ಸಲ ನಡುವಿನ ಅಚ್ಚಿಗೆ ತೋಳು ಸೇರುವ ಕಡೆ, ವಿಭೂತಿಯ ಮೇಲೆ ಎಳೆದ ಕುಂಕುಮದ ಹಾಗೆ ಒಂದು ಕೆಂಪು ಎಳೆ ಎದ್ದಿತು. ಉದ್ದ ನನ್ನ ಕಿರುಬೆರಳಿನಷ್ಟು. ಮತ್ತೊಂದು ತೋಳಿನಲ್ಲಿ ಇನ್ನೊಂದು. ನಾವು ಐದು ಜನ ಮಾತಿಲ್ಲದೆ ನೋಡುತ್ತ ನಿಂತೆವು.

‘ವೆಲ್ಡಿಂಗ್ ಮಾಡಿಸಿದರೆ ಆಗುವುದಿಲ್ಲವಾ?’ ಎಲ್ಲರೂ ಕೇಳುವ ಪ್ರಶ್ನೆ ಇದೇ, ಮೊದಲು ಕೇಳಿದವನೂ ನಾನೇ. ಇಂಜಿನಿಯರ್ ಒಂದು ತಂತಿಯ ತುಂಡು ತೆಗೆದುಕೊಂಡು ಹಿಂದಕ್ಕೆ ಮುಂದಕ್ಕೆ ಬಗ್ಗಿಸುತ್ತ ಹೋದರು. ಸ್ವಲ್ಪ ಹೊತ್ತಿಗೆ ಪಟ್ಟಂತ ಮುರಿಯಿತು. ಒಂದೊಂದು ಸಲದ ಬಾಗು ಏನೇನೂ ಅಲ್ಲ, ಮುರಿಯುವುದು ಸಂಖ್ಯೆಯಿಂದ. ತೊಟ್ಟಿಲಿನ ಪ್ರತಿ ತೋಳೂ ಮೇಲೆ ಹೋದಾಗ ಒಂದು ರೀತಿ ಭಾರ ಹೊರುತ್ತದೆ, ಕೆಳಗೆ ಬಂದಾಗ ಅದಕ್ಕೆ ತದ್ವಿರುದ್ಧ. ಒಂದು ಸುತ್ತಿಗೆ ಒಂದು ಸಲ ಬಗ್ಗಿದ ಹಾಗೆ. ಮಳೆಗಾಲ ಬಿಟ್ಟು ವರ್ಷಕ್ಕೆ 200 ದಿನ, ದಿನಕ್ಕೆ 30 ಟ್ರಿಪ್ಪು, ಟ್ರಿಪ್ಪಿಗೆ ಏಳು ಸುತ್ತು ಅಂತ ಲೆಕ್ಕ ಹಿಡಿಯಿರಿ: 26 ವರ್ಷಕ್ಕೆ ಹತ್ತು ಲಕ್ಷ ಸುತ್ತು ದಾಟುತ್ತದೆ. ಅದಕ್ಕೂ ಮೊದಲು ಜಾತ್ರೆಗಳಲ್ಲಿ ಎಷ್ಟು ತಿರುಗಿತ್ತೋ ದೇವರಿಗೇ ಗೊತ್ತು. ಬಿರುಕು ಎರಡು ತೋಳಿನಲ್ಲಿ ಕಂಡಿದೆ, ಆದರೆ ಉಳಿದ ತೋಳುಗಳೂ ಅಷ್ಟೇ ಸುತ್ತಿವೆ. ಎರಡಕ್ಕೆ ವೆಲ್ಡಿಂಗ್ ಮಾಡಿ ಮಿಕ್ಕವನ್ನು ನಂಬುವ ಧೈರ್ಯ ನಮಗಿಲ್ಲ. ಎಲ್ಲವನ್ನೂ ಹೊಸದು ಮಾಡಿಸೋಣ ಎಂದರೆ, ಈ ಅಳತೆಯ ಅಚ್ಚು, ಬೇರಿಂಗು ಮಾಡುತ್ತಿದ್ದ ವರ್ಕ್‌ಶಾಪು ಮುಚ್ಚಿ ಎಷ್ಟೋ ಕಾಲವಾಯಿತು.

ಇನ್ನು ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಕಬ್ಬಿಣ ತಿನ್ನುವುದಕ್ಕೆ ಅಷ್ಟು ಬೇಕಾಗಿಯೂ ಇಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಹೊರಗೆ ಪೇಂಟು ಹೊಡೆದೆವು. ನೀರು ಕೂತದ್ದು ಪೈಪಿನ ಒಳಗೆ. ಹಲಸಿನಕಾಯಿ ಬಲಿತಿದೆಯಾ ಅಂತ ಬಡಿದು ನೋಡುತ್ತೇವಲ್ಲ, ಹಾಗೆ ಸಣ್ಣ ಸುತ್ತಿಗೆಯಲ್ಲಿ ಬಡಿಯುತ್ತ ಹೋದರೆ ಕೆಲವು ಕಡೆ ‘ಟಣ್’ ಅನ್ನುವ ಬದಲು ‘ದಬ್’ ಅಂದಿತು.

ಜಾತ್ರೆಯಲ್ಲಿ ಇದಕ್ಕಿಂತ ಹಳೆಯದು ತಿರುಗುತ್ತಲ್ಲ ಅಂತ ಒಬ್ಬರು ವಾದಿಸಿದರು. ಅದನ್ನು ಪ್ರತಿ ಊರಿನಲ್ಲೂ ಬಿಚ್ಚಿ ನೆಲಕ್ಕಿಳಿಸುತ್ತಾರೆ, ಒಂದೊಂದು ಪಿನ್ನೂ ಕೈಗೆ ಸಿಗುತ್ತದೆ. ನಮ್ಮದು ನೆಟ್ಟಲ್ಲೇ 26 ಮಳೆಗಾಲ ಕಂಡಿದೆ. ಇನ್ನೊಬ್ಬರು, ಮಗಳ ಮನೆಗೆಂದು ಯುರೋಪಿಗೆ ಹೋಗಿ ಬಂದವರು, ವಿಯೆನ್ನಾದ 1897ರ ಚಕ್ರ ಇನ್ನೂ ತಿರುಗುತ್ತಿದೆ ಅಂದರು. ನಿಜ. ಆದರೆ ಅದು 1944ರಲ್ಲಿ ಸುಟ್ಟುಹೋಗಿ ಆಮೇಲೆ ಮತ್ತೆ ಕಟ್ಟಿದ್ದು, ಮತ್ತೆ ಕಟ್ಟುವಾಗ ಮೊದಲಿದ್ದ 30 ಡಬ್ಬಿಗಳಲ್ಲಿ 15 ಮಾತ್ರ ಏರಿಸಿದರು. ಇಡೀ ಊರೇ ತನ್ನ ಗುರುತು ಅಂತ ಸಾಕಿದ ಚಕ್ರ ಅದು. ಷಿಕಾಗೋದಲ್ಲಿ 1893ರಲ್ಲಿ ಫೆರಿಸ್ ಎಂಬಾತ ಕಟ್ಟಿದ 264 ಅಡಿಯ ಚಕ್ರ 13 ವರ್ಷಕ್ಕೇ, 1906ರಲ್ಲಿ, ಗುಜರಿ ಸೇರಿತು. ಇಂಗ್ಲಿಷಿನಲ್ಲಿ ಎಲ್ಲ ಜಯಂಟ್ ವೀಲುಗಳಿಗೂ ‘ಫೆರಿಸ್ ವೀಲ್’ ಅನ್ನುವ ಹೆಸರು ಕೊಟ್ಟ ಚಕ್ರದ ಗತಿ ಅದು.

ದುಡ್ಡಿನ ವಿಷಯ ಇದರಲ್ಲಿ ಇಲ್ಲವೇ ಇಲ್ಲ ಅಂದರೆ ನೀವೂ ನಂಬಬೇಡಿ. ದೊಡ್ಡ ಪಾರ್ಕುಗಳಲ್ಲಿ ಒಂದು ಆಟ ಉಳಿಯಬೇಕೋ ಬೇಡವೋ ಅನ್ನುವುದಕ್ಕೆ ಗಂಟೆಗೆ ಎಷ್ಟು ಜನ ಹತ್ತಿ ಇಳಿದರು ಅನ್ನುವುದು ದೊಡ್ಡ ಲೆಕ್ಕ. ತೊಟ್ಟಿಲು ತುಂಬಿಸುವುದೆಂದರೆ ಒಂದಕ್ಕೆ ಹತ್ತಿಸಿ, ಅರ್ಧ ಸುತ್ತು ತಿರುಗಿಸಿ, ಎದುರಿನದಕ್ಕೆ ಹತ್ತಿಸಿ, ಹೀಗೆ ಭಾರ ಸರಿದೂಗಿಸಬೇಕು. ದಪ್ಪಗಿನವರು ಬಂದರೆ ನಮ್ಮ ಆಪರೇಟರ್ ಎದುರಿನ ತೊಟ್ಟಿಲಿಗೆ ಇಬ್ಬರು ಮಕ್ಕಳನ್ನು ಜಾಸ್ತಿ ಕೂರಿಸುತ್ತಿದ್ದದ್ದು ನೆನಪಿರಬಹುದು. ಅದೇ ಹೊತ್ತಿನಲ್ಲಿ ಕೊಲಂಬಸ್ ಅನ್ನುವ ದೋಣಿ ಉಯ್ಯಾಲೆ ಮೂರು ಸಲ ಆಡಿ ಮುಗಿಯುತ್ತದೆ. ಆ ಲೆಕ್ಕ ನೋಡಿದ್ದರೆ ಹತ್ತು ವರ್ಷದ ಹಿಂದೆಯೇ ಇಳಿಸಬೇಕಿತ್ತು. ಜಾಗ ರೆಸಾರ್ಟಿಗೆ ಕೊಡುತ್ತಾರಂತೆ ಅನ್ನುವ ಸುದ್ದಿಯೂ ಹೋಟೆಲುಗಳಲ್ಲಿ ಓಡಾಡುತ್ತಿದೆ. ದೆಹಲಿಯ ಪ್ರಗತಿ ಮೈದಾನದಲ್ಲಿ 1984ರಲ್ಲಿ ತೆರೆದ ಅಪ್ಪು ಘರ್ ಎಂಬ ಪಾರ್ಕು 2008ರಲ್ಲಿ ಮುಚ್ಚಿದ್ದು ಜಾಗದ ಕಾರಣಕ್ಕೇ, ಹಾಗಾಗಿ ನಿಮ್ಮ ಅನುಮಾನ ತಪ್ಪಲ್ಲ. ನಮ್ಮ ಜಾಗ ಎಲ್ಲಿಗೂ ಹೋಗುತ್ತಿಲ್ಲ.

‘ಕೊನೆಯ ಒಂದು ಸುತ್ತಾದರೂ ಕೊಡಿ’ ಎಂದು ಕೇಳಿದವರಿಗೆ ಉತ್ತರ ಹೇಳುವುದೇ ಕಷ್ಟವಾಗಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕಿಂಗ್ಡಾ ಕಾ ಅಂತ 456 ಅಡಿಯ ರೋಲರ್ ಕೋಸ್ಟರ್ ಇತ್ತು. 2024ರ ನವೆಂಬರಿನಲ್ಲಿ ಓಟ ನಿಂತು ಆದ ಮೇಲೆ, ಇನ್ನು ಇಲ್ಲ ಅಂತ ಹೇಳಿದರು. 2025ರ ಫೆಬ್ರವರಿಯಲ್ಲಿ ಸಿಡಿಮದ್ದು ಇಟ್ಟು ಕೆಡವಿದರು. ಅದರ ಅಭಿಮಾನಿಗಳಿಗೆ ವಿದಾಯ ಹೇಳುವುದಕ್ಕೂ ಆಗಲಿಲ್ಲ. ಸುದ್ದಿ ಓದಿದಾಗ, ಎಂಥ ಜನ ಮಾರಾಯ್ರೆ, ಒಂದು ಮಾತು ಮೊದಲೇ ಹೇಳಬಾರದಿತ್ತಾ ಅಂತ ಅವರನ್ನು ಬೈದವನು ನಾನು. ಅವರ ಕಾರಣ ಬೇರೆ, ನಮ್ಮದು ಬೇರೆ. ಆದರೂ ಈಗ ನಾನೂ ಅದನ್ನೇ ಮಾಡುತ್ತಿದ್ದೇನೆ. ಬಿರುಕು ನೋಡಿದ ಮೇಲೆ ನಿಮ್ಮನ್ನು ಕೂರಿಸುವುದು ಹೋಗಲಿ, ಖಾಲಿ ತಿರುಗಿಸುವುದಕ್ಕೂ ಇಂಜಿನಿಯರ್ ಒಪ್ಪಲಿಲ್ಲ. ಕ್ಷಮಿಸಿ.

ಟಿಕೆಟ್ ಪುಸ್ತಕದಲ್ಲಿ ತೊಟ್ಟಿಲಿನ ಚೀಟಿ ಉಳಿದಿದ್ದರೆ ಬೇರೆ ಆಟಕ್ಕೆ ಬಳಸಬಹುದು, ಬೇಡವಾದರೆ ಕೌಂಟರಿನಲ್ಲಿ ದುಡ್ಡು ವಾಪಸ್. ಅವಧಿ ಮುಗಿದ ಹಳೆಯ ಚೀಟಿಗೂ ಕೊಡುತ್ತೇವೆ. ಮೇ ತಿಂಗಳಿಗೆ ಬುಕ್ ಮಾಡಿದ ಶಾಲೆಯವರಿಗೆ ಫೋನ್ ಮಾಡಿ, ತಲೆಗೆ ಇಷ್ಟು ಅಂತ ರೇಟು ಇಳಿಸಿದ್ದೇವೆ. ಆಪರೇಟರ್ ಎಲ್ಲಿಗೂ ಹೋಗುವುದಿಲ್ಲ, ಇನ್ನು ಪುಟಾಣಿ ರೈಲಿನಲ್ಲಿ ಸಿಗುತ್ತಾರೆ. ತೊಟ್ಟಿಲಿದ್ದ ಜಾಗದಲ್ಲಿ ಈ ವರ್ಷ ಏನೂ ಬರುವುದಿಲ್ಲ, ಸಾಲ ಮಾಡಿ ಹೊಸ ಆಟ ತರುವ ಶಕ್ತಿ ಸದ್ಯಕ್ಕಿಲ್ಲ. ಒಂದು ತೊಟ್ಟಿಲನ್ನು ಮಾತ್ರ, ಏಳನೇ ನಂಬರಿನದು, ಕ್ಯಾಂಟೀನ್ ಪಕ್ಕದಲ್ಲಿ ನೆಲದ ಮೇಲೆ ಇಡುತ್ತೇವೆ, ಕೂತು ಫೋಟೋ ತೆಗೆಸಿಕೊಳ್ಳಬಹುದು. ಹಿನ್ನೀರು ಮಾತ್ರ ಅಲ್ಲಿಂದ ಕಾಣುವುದಿಲ್ಲ.

ಕೊನೆಗೊಂದು ವಿಷಯ. ಸೀಟು ಬಿಚ್ಚುವಾಗ ಅಡಿಯ ಸಂದಿಗಳಲ್ಲಿ ಸಿಕ್ಕಿದ್ದು: ನಾಲ್ಕಾಣೆ ಎಂಟಾಣೆ ಸೇರಿ ಒಂದು ಡಬ್ಬಿ ತುಂಬ ಚಿಲ್ಲರೆ, ಹೇರ್‌ಪಿನ್ನುಗಳು, ಎರಡು ಬೀಗದ ಕೈ, ಮತ್ತು ಪುಟ್ಟ ಮಗುವಿನದೊಂದು ಬೆಳ್ಳಿ ಗೆಜ್ಜೆ, ಒಂದೇ ಕಾಲಿನದು. ಗೆಜ್ಜೆ ಆಫೀಸಿನ ಬೀರುವಿನಲ್ಲಿದೆ. ಇನ್ನೊಂದು ಕಾಲಿನದು ನಿಮ್ಮ ಮನೆಯಲ್ಲಿದ್ದರೆ ತಂದು ತೋರಿಸಿ, ತೆಗೆದುಕೊಂಡು ಹೋಗಿ.

ಇಂತಿ,
ಪಾರ್ಕಿನ ಎಲ್ಲರ ಪರವಾಗಿ,
ಮ್ಯಾನೇಜರ್